ಇಸ್ತ್ರಿ ಪೆಟ್ಟಿಗೆಯ ಮೇಲೆ 1000 ವ್ಯಾಟ್, ಅಳೆದರೆ 725: ಯಾವ ಲೆಕ್ಕವನ್ನು ನಂಬಬೇಕು?

ಬಳ್ಳಾರಿ ವಿದ್ಯಾರ್ಥಿನಿ ಕೇಳಿದ್ದು

ನಮಸ್ಕಾರ. ನಾನು ಬಳ್ಳಾರಿಯ ಕೌಲ್ ಬಜಾರಿನವಳು, ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಮ್ಮ ಜೀನ್ಸ್ ಹೊಲಿಯುವ ಸಣ್ಣ ಘಟಕ ನಡೆಸುತ್ತಾರೆ. ನಾಲ್ಕು ಹೊಲಿಗೆ ಯಂತ್ರಗಳು, ಎರಡು ಇಸ್ತ್ರಿ ಪೆಟ್ಟಿಗೆಗಳು. ಈಚೆಗೆ ಇಸ್ತ್ರಿ ಮಾಡುವವರದು ಒಂದೇ ದೂರು: ಪೆಟ್ಟಿಗೆ ಸರಿಯಾಗಿ ಕಾಯುತ್ತಿಲ್ಲ. ಸೊಂಟಪಟ್ಟಿಯ ಹತ್ತಿರ ಬಟ್ಟೆ ಪದರ ಪದರವಾಗಿ ದಪ್ಪವಿರುತ್ತದೆ, ಅಲ್ಲಿ ಎಷ್ಟು ಒತ್ತಿ ಹಿಡಿದರೂ ಮಡಿಕೆ ಕೂರುವುದಿಲ್ಲ. ಪೆಟ್ಟಿಗೆಗಳು ಹಳೆಯವಾದವು, ಹೊಸದು ತರೋಣ ಎನ್ನುತ್ತಿದ್ದಾರೆ ಅಮ್ಮ. ದುಡ್ಡು ಸುರಿಯುವ ಮುನ್ನ ಅಳೆದು ನೋಡೋಣ ಎಂದು ನಾನು ಹಟ ಹಿಡಿದಿದ್ದೇನೆ.

ನನ್ನಲ್ಲಿ ಮಲ್ಟಿಮೀಟರ್ ಇದೆ. ಪರಿಚಯದ ವೈರ್‌ಮನ್ ಒಬ್ಬರು ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ದವಡೆ ಹಿಡಿದು ಪ್ರವಾಹ ಅಳೆಯುವ ಉಪಕರಣ) ಕೊಟ್ಟು, ಅಳೆಯುವಾಗ ಜೊತೆಯಲ್ಲಿಯೇ ನಿಂತಿದ್ದರು. ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಹೊಲಿಗೆ ಯಂತ್ರ, ಫ್ಯಾನು, ದೀಪ ಎಲ್ಲವನ್ನೂ ಆರಿಸಿ ಅಳೆದದ್ದು ಇದು.

ಪೆಟ್ಟಿಗೆಯ ತಗಡಿನ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಕೊರೆದಿದೆ. ಪೆಟ್ಟಿಗೆ ತಣ್ಣಗಿರುವಾಗ ಪ್ಲಗ್ ಕಿತ್ತು, ಪ್ಲಗ್ಗಿನ ಎರಡು ಪಿನ್ನುಗಳ ನಡುವೆ ರೋಧ ನೋಡಿದರೆ 51 ಓಮ್. ಎರಡೂ ಪೆಟ್ಟಿಗೆಗಳನ್ನು ಹಚ್ಚಿ, ಕಾದು ದೀಪ ಉರಿಯುತ್ತಿರುವಾಗಲೇ ನೋಡಿದರೆ ಶೆಡ್ಡಿನ ಸಾಕೆಟ್ಟಿನಲ್ಲಿ 196 ವೋಲ್ಟ್. ಒಂದೊಂದು ಪೆಟ್ಟಿಗೆಯೂ 3.7 ಆಂಪಿಯರ್ ಎಳೆಯುತ್ತಿದೆ. ಪೆಟ್ಟಿಗೆಗಳು ಹಚ್ಚಿರುವಾಗಲೇ ಮನೆಯ ಮುಂದಿನ ಮೀಟರ್ ಬೋರ್ಡಿನಲ್ಲಿ 214 ವೋಲ್ಟ್ ಇತ್ತು. ಆರಿಸಿದಾಗ ಎರಡೂ ಕಡೆ 218.

ಈಗ ನನ್ನ ಗೊಂದಲ. ತಗಡಿನ ಪ್ರಕಾರ ಸಾಮರ್ಥ್ಯ 1000 ವ್ಯಾಟ್. 230ರ ವರ್ಗವನ್ನು ನಾನು ಅಳೆದ 51ರಿಂದ ಭಾಗಿಸಿದರೆ 1037 ವ್ಯಾಟ್. 196ನ್ನು 3.7ರಿಂದ ಗುಣಿಸಿದರೆ 725 ವ್ಯಾಟ್. ಒಂದೇ ಪೆಟ್ಟಿಗೆಗೆ ಮೂರು ಉತ್ತರ. ರೋಧವೂ ಒಂದಲ್ಲ: ಮೀಟರ್ ಹೇಳಿದ್ದು 51, 196ನ್ನು 3.7ರಿಂದ ಭಾಗಿಸಿದರೆ ಸುಮಾರು 53.

ಇನ್ನೂ ಒಂದು. ಅಟ್ಟದ ಮೇಲಿದ್ದ ಹಳೆಯ 100 ವ್ಯಾಟಿನ ಫಿಲಮೆಂಟ್ ಬಲ್ಬನ್ನೂ ಅಳೆದೆ. ಲೆಕ್ಕದ ಪ್ರಕಾರ 529 ಓಮ್ ಬರಬೇಕು, ಮೀಟರ್ ತೋರಿಸಿದ್ದು 38. ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ! ಓಮ್‌ನ ನಿಯಮದಲ್ಲಿ ರೋಧ ಸ್ಥಿರ ಎಂದಲ್ಲವೇ ಓದಿರುವುದು? ಹಾಗಾದರೆ ಇದೇನು? ಮತ್ತು ಹೊಲಿಗೆ ಯಂತ್ರದ ಮೋಟಾರಿಗೂ ಇದೇ ಲೆಕ್ಕ ಹಾಕಬಹುದೇ?

ಗಂಗಾವತಿ ರಿವೈಂಡಿಂಗ್ ಅಂಗಡಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ನನ್ನ ಕಸುಬು. ಇಲ್ಲಿಯ ಅಕ್ಕಿ ಗಿರಣಿಗಳ ಮೋಟಾರುಗಳನ್ನು ಬಿಚ್ಚಿ ಸುತ್ತುವುದೇ ನನ್ನ ದಿನದ ಕೆಲಸ. ಮೋಟಾರಿನ ಸುರುಳಿಯ ರೋಧ ಅಳೆದರೆ ಕೆಲವೇ ಓಮ್ ಸಿಗುತ್ತದೆ. 230ನ್ನು ಅದರಿಂದ ಭಾಗಿಸಿದರೆ ಮೋಟಾರ್ ಹತ್ತಾರು ಆಂಪಿಯರ್ ಎಳೆದು ಸುಟ್ಟು ಹೋಗಬೇಕಿತ್ತು. ಹೋಗುವುದಿಲ್ಲ. ಸುರುಳಿಯ ಕಾಂತಕ್ಷೇತ್ರವೂ ತಿರುಗುವ ರೋಟರ್ ಕೂಡ ಪ್ರವಾಹಕ್ಕೆ ಎದುರು ನಿಲ್ಲುತ್ತವೆ, ಅದನ್ನು ಓಮ್ ಮೀಟರ್ ಕಾಣುವುದಿಲ್ಲ. ರೋಟರ್ ಸಿಕ್ಕಿಕೊಂಡು ತಿರುಗದೆ ನಿಂತಾಗ ಪ್ರವಾಹ ಹಲವು ಪಟ್ಟು ಏರುತ್ತದೆ. ನಮ್ಮಲ್ಲಿಗೆ ಕರಕಲಾಗಿ ಬರುವ ಮೋಟಾರುಗಳಲ್ಲಿ ಅಂಥವೇ ಹೆಚ್ಚು. ಹಾಗೆಯೇ ಮೋಟಾರಿನಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬರುವುದು ವೋಲ್ಟ್-ಆಂಪಿಯರ್, ವ್ಯಾಟ್ ಅಲ್ಲ. ಅದನ್ನು ಪವರ್ ಫ್ಯಾಕ್ಟರಿನಿಂದಲೂ, ಅಂದರೆ ಅದರಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲಿನಿಂದಲೂ, ಗುಣಿಸಬೇಕು.

ಇಸ್ತ್ರಿ ಪೆಟ್ಟಿಗೆಗೆ ಆ ತಾಪತ್ರಯವಿಲ್ಲ. ಹೊಸ ಪೆಟ್ಟಿಗೆ ತಂದರೂ 196 ವೋಲ್ಟಿನಲ್ಲಿ ಅದೂ 725 ವ್ಯಾಟನ್ನೇ ಕೊಡುತ್ತದೆ, ಅದನ್ನು ತಾಯಿಯವರಿಗೆ ಹೇಳಿ. ಕ್ಲ್ಯಾಂಪ್ ಮೀಟರಿನ ದವಡೆಯಲ್ಲಿ ಒಂದೇ ಎಳೆ ಇತ್ತು ತಾನೆ? ಹೋಗುವ, ಬರುವ ತಂತಿಗಳೆರಡೂ ಒಳಗಿದ್ದರೆ ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಅಳಿಸಿ ಸೊನ್ನೆ ತೋರಿಸುತ್ತದೆ. ನಿಮಗೆ 3.7 ಬಂದಿದೆ, ಹಾಗಾಗಿ ಸರಿಯಾಗಿಯೇ ಹಿಡಿದಿದ್ದೀರಿ.

ರಾಯಚೂರು, ಐಟಿಐ ನಿವೃತ್ತ ಬೋಧಕ

ಮಗಳೇ, ನಿನ್ನ ಅಳತೆಗಳಲ್ಲಿ ನೀನು ಕೇಳದ ಒಂದು ಸಂಗತಿ ಇದೆ. ಮೊದಲು ಅದನ್ನು ಹೇಳುತ್ತೇನೆ, ಪಾಠ ಆಮೇಲೆ. ಈ ಉತ್ತರ ಓದಿದ ತಕ್ಷಣ ಶೆಡ್ಡಿನಲ್ಲಿ ಎರಡು ಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚುವುದನ್ನು ನಿಲ್ಲಿಸಿ.

ಕಾರಣ ನಿನ್ನ ಅಂಕಿಗಳಲ್ಲಿಯೇ ಇದೆ. ಮೀಟರ್ ಬೋರ್ಡಿನಲ್ಲಿ 214 ವೋಲ್ಟ್, ಅದೇ ಗಳಿಗೆಯಲ್ಲಿ ಶೆಡ್ಡಿನಲ್ಲಿ 196. ನಡುವೆ 18 ವೋಲ್ಟ್ ಕಾಣೆಯಾಗಿದೆ. ಎರಡೂ ಪೆಟ್ಟಿಗೆಗಳ ಪ್ರವಾಹ ಒಟ್ಟು 7.4 ಆಂಪಿಯರ್. ಓಮ್‌ನ ನಿಯಮವನ್ನು ಪೆಟ್ಟಿಗೆಗೆ ಹಚ್ಚಿದ ಹಾಗೆಯೇ ತಂತಿಗೂ ಹಚ್ಚು: 18 ಭಾಗಿಸು 7.4, ಅಂದರೆ 2.4 ಓಮ್. ಬೋರ್ಡಿನಿಂದ ಶೆಡ್ಡಿನವರೆಗೆ ತಂತಿ, ಜೋಡಣೆ ಎಲ್ಲ ಸೇರಿದ ರೋಧ ಅದು. ಈಗ ಗುಣಿಸು: 18 ವೋಲ್ಟ್, 7.4 ಆಂಪಿಯರ್, 133 ವ್ಯಾಟ್. ಅಷ್ಟು ಶಾಖ ನಿಮ್ಮ ತಂತಿಯ ದಾರಿಯಲ್ಲಿ ಎಲ್ಲೋ ಹುಟ್ಟುತ್ತಿದೆ.

ಎಲ್ಲಿ ಎನ್ನುವುದು ಮುಖ್ಯ. ಎಲ್ಲಾ ಉದ್ದಕ್ಕೂ ಸಮನಾಗಿ ಹಂಚಿಕೊಂಡು ಹುಟ್ಟಿದರೆ ತಂತಿ ಬೆಚ್ಚಗಾಗುತ್ತದೆ, ಅಷ್ಟೇ. ಆದರೆ ಲೆಕ್ಕ ಹಾಗೆ ಹೇಳುತ್ತಿಲ್ಲ. ಬೋರ್ಡಿನಿಂದ ಶೆಡ್ಡಿಗೆ 25 ಮೀಟರ್ ಇದೆ, ತಂತಿ ಒಂದು ಚದರ ಮಿಲಿಮೀಟರಿನ ತಾಮ್ರ ಎಂದು ಇಟ್ಟುಕೊಳ್ಳೋಣ. ಅಂಥ ತಂತಿಯ ಒಂದು ಮೀಟರಿನ ರೋಧ ಸುಮಾರು 0.0172 ಓಮ್. ಹೋಗುವ ದಾರಿ, ಬರುವ ದಾರಿ ಸೇರಿ 50 ಮೀಟರ್, ಅಂದರೆ 0.86 ಓಮ್. ಅದು 20 ಡಿಗ್ರಿಯ ಲೆಕ್ಕ. ನಮ್ಮ ರಾಯಚೂರು, ಬಳ್ಳಾರಿಗಳ ಬಿಸಿಲಿಗೆ ತಗಡಿನ ಕೆಳಗೆ ಹಾದು ಹೋಗುವ ತಂತಿ 60 ಡಿಗ್ರಿಗೆ ಏರಿದೆ ಎಂದುಕೊಂಡರೂ ತಾಮ್ರದ ರೋಧ ಒಂದು ಓಮ್ ಮುಟ್ಟುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಉಳಿದ 1.4 ಓಮ್ ತಂತಿಯದ್ದಲ್ಲ. ಅದು ಯಾವುದೋ ಜೋಡಣೆಯದ್ದು: ತಿರುಚಿ ಟೇಪು ಸುತ್ತಿದ ಗಂಟು, ಸಡಿಲಾದ ಸ್ಕ್ರೂ, ಅಥವಾ ಪಿನ್ನನ್ನು ಬಿಗಿಯಾಗಿ ಹಿಡಿಯದ ಸಾಕೆಟ್. 7.4ರ ವರ್ಗವನ್ನು 1.4ರಿಂದ ಗುಣಿಸಿದರೆ 77 ವ್ಯಾಟ್. ಬೆಸುಗೆ ಹಾಕಲು ರೇಡಿಯೋ ರಿಪೇರಿಯವರು ಹಿಡಿಯುವ ಸಾಮಾನ್ಯ ಸೋಲ್ಡರಿಂಗ್ ಕಡ್ಡಿ 25 ವ್ಯಾಟಿನದು, ಅದು ಸೀಸವನ್ನು ಕರಗಿಸುತ್ತದೆ. ಅದರ ಮೂರು ಪಟ್ಟು ಶಾಖ ಹೆಬ್ಬೆರಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಕವಚದ ಒಳಗೆ, ಹತ್ತಿಯ ಜುಂಗು ಹಾರಾಡುವ ಶೆಡ್ಡಿಗೆ ಹೋಗುವ ದಾರಿಯಲ್ಲಿ ಕೂತಿದೆ. ಅದಕ್ಕೇ ಮೊದಲು ಅದನ್ನು ಹೇಳಿದೆ.

ಓಮ್ ಮೀಟರಿನಿಂದ ಆ ಗಂಟನ್ನು ಹುಡುಕಲು ಹೋಗಬೇಡ. ಮೀಟರಿನ ತಂತಿಗಳದ್ದೇ ಕೆಲವು ಹತ್ತನೇ ಓಮ್ ರೋಧ ಇರುತ್ತದೆ. ಅದು ಹಾಯಿಸುವ ಪ್ರವಾಹವೂ ಮಿಲಿ ಆಂಪಿಯರುಗಳಲ್ಲಿ. ಅಷ್ಟಕ್ಕೆ ಹಾಳಾದ ಗಂಟು ಕೂಡ ಸಾಧುವಾಗಿ ಕಾಣಬಹುದು. ಭಾರ ಹೊತ್ತಾಗಲೇ ಅದರ ಬಣ್ಣ ಬಯಲಾಗುವುದು. ನೀನು ಮಾಡಿದ್ದು ಸರಿಯಾದ ಪರೀಕ್ಷೆ: ಪೂರ್ಣ ಪ್ರವಾಹ ಹರಿಯುವಾಗ ಎರಡು ತುದಿಗಳ ವೋಲ್ಟೇಜ್ ನೋಡುವುದು. ಇಷ್ಟು ವರ್ಷ ಪಾಠ ಹೇಳಿದ ಮೇಲೂ, ತಾನಾಗಿಯೇ ಬೋರ್ಡಿನ ಹತ್ತಿರವೂ ಹೋಗಿ ಅಳೆದು ಬರುವ ವಿದ್ಯಾರ್ಥಿಯನ್ನು ಕಂಡರೆ ನನಗೆ ಬಹಳ ಸಂತೋಷವಾಗುತ್ತದೆ. ಆದರೆ ಮುಂದಿನ ಕೆಲಸ ನಿನ್ನದಲ್ಲ. ಮೇನ್ ಆರಿಸಿ, ಪರವಾನಗಿ ಇರುವ ವೈರ್‌ಮನ್ ಟೇಪು ಬಿಚ್ಚಿ ನೋಡಲಿ. ಕವಚ ಗಟ್ಟಿಯಾಗಿ ಪುಡಿಪುಡಿಯಾಗುತ್ತಿದ್ದರೆ, ತಾಮ್ರ ಕಪ್ಪಾಗಿದ್ದರೆ ಅದೇ ಜಾಗ.

ಈಗ ನಿನ್ನ ಮೂರು ಉತ್ತರಗಳು. 725 ವ್ಯಾಟ್ ನಿಜ, ಏಕೆಂದರೆ ವೋಲ್ಟ್ ಮತ್ತು ಆಂಪಿಯರ್ ಎರಡನ್ನೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಪೆಟ್ಟಿಗೆ ಕೆಲಸ ಮಾಡುತ್ತಿರುವಾಗ ಅಳೆದಿದ್ದೀಯೆ. ತಗಡಿನ ಮೇಲಿನ 1000 ಸುಳ್ಳಲ್ಲ, ಅದು 230 ವೋಲ್ಟ್ ಸಿಕ್ಕರೆ ಎಂಬ ಷರತ್ತಿನ ಮಾತು. 230ರ ವರ್ಗವನ್ನು 1000ದಿಂದ ಭಾಗಿಸಿದರೆ 52.9 ಓಮ್ ಬರುತ್ತದೆ, ಬಿಸಿಯಲ್ಲಿ ನಿನಗೆ ಸಿಕ್ಕ 53ಕ್ಕೆ ತಾಳೆಯಾಯಿತು ನೋಡು. ಪೆಟ್ಟಿಗೆ ಹಳೆಯದಾದರೂ ಅದರ ಕಾಯಿಲ್ ನೆಟ್ಟಗಿದೆ ಎಂದು ಇದರ ಅರ್ಥ. ವೋಲ್ಟೇಜ್ 230ರಿಂದ 196ಕ್ಕೆ ಇಳಿದರೆ ನೂರಕ್ಕೆ 15ರಷ್ಟು ಕಡಿಮೆ, ಆದರೆ ಶಾಖ ನೂರಕ್ಕೆ 27ರಷ್ಟು ಕಡಿಮೆಯಾಗುತ್ತದೆ. ವೋಲ್ಟೇಜ್ ಇಳಿದಾಗ ಪ್ರವಾಹವೂ ಇಳಿಯುತ್ತದೆ, ಎರಡೂ ಇಳಿದದ್ದನ್ನು ಗುಣಿಸುತ್ತೇವೆ, ಅದಕ್ಕೆ ವರ್ಗ. ಇಸ್ತ್ರಿ ಮಾಡುವವರ ದೂರು ನ್ಯಾಯವಾದದ್ದೇ.

1037 ಬಂದದ್ದು ತಣ್ಣಗಿನ ರೋಧವನ್ನು ಬಿಸಿ ಪೆಟ್ಟಿಗೆಗೆ ಹಚ್ಚಿದ್ದರಿಂದ. ಲೋಹ ಬಿಸಿಯಾದಂತೆ ರೋಧ ಏರುತ್ತದೆ. 1827ರಲ್ಲಿ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮವನ್ನು ನಿಮ್ಮ ಪಠ್ಯದಲ್ಲಿ ಇನ್ನೊಮ್ಮೆ ತೆರೆದು ಓದು, ತಾಪ ಬದಲಾಗದಿದ್ದರೆ ಎಂಬ ಮಾತು ಅದರಲ್ಲಿಯೇ ಇರುತ್ತದೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠದ ಬಾಲ ಎಂದುಕೊಂಡು ಬಿಟ್ಟುಬಿಡುತ್ತಾರೆ, ನಿಯಮದ ಜೀವವೇ ಅಲ್ಲಿದೆ. ಇಸ್ತ್ರಿ ಪೆಟ್ಟಿಗೆಯ ಕಾಯಿಲ್ ನೈಕ್ರೋಮ್, ಅಂದರೆ ನಿಕಲ್ ಮತ್ತು ಕ್ರೋಮಿಯಂ ಸೇರಿದ ಮಿಶ್ರಲೋಹ. ತಾಪ ಎಷ್ಟು ಏರಿದರೂ ಅದರ ರೋಧ ಹೆಚ್ಚು ಕದಲುವುದಿಲ್ಲ, ನಿನಗೆ 51ರಿಂದ 53ಕ್ಕೆ ಏರಿತು, ಅಷ್ಟೇ. ಬಲ್ಬಿನದು ಟಂಗ್‌ಸ್ಟನ್. ಉರಿಯುವಾಗ ಅದರ ಎಳೆ ಸುಮಾರು 2500 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ರೋಧ ಹದಿನಾಲ್ಕು ಪಟ್ಟು ಏರುತ್ತದೆ. 38 ಕೂಡ ನಿಜ, 529 ಕೂಡ ನಿಜ, ಎರಡೂ ಬೇರೆ ಬೇರೆ ತಾಪದವು. ಗುಂಡಿ ಒತ್ತಿದ ಕ್ಷಣದಲ್ಲಿ ಆ ಬಲ್ಬ್, ಉರಿಯುವಾಗ ಎಳೆಯುವ ಅರ್ಧ ಆಂಪಿಯರಿಗೂ ಕಡಿಮೆ ಪ್ರವಾಹವನ್ನಲ್ಲ, 6 ಆಂಪಿಯರಿನ ಹತ್ತಿರ ಎಳೆಯಬಲ್ಲದು. ಹಳೆಯ ಬಲ್ಬುಗಳು ಉರಿಯುತ್ತಿರುವಾಗಲ್ಲ, ಹಚ್ಚುವಾಗಲೇ ಫಟ್ಟೆಂದು ಹೋಗುತ್ತಿದ್ದದ್ದು ಬಹುಪಾಲು ಅದಕ್ಕೇ.

ನಮ್ಮ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮಾತು ಹೇಳದೆ ಬಿಡಲಾರೆ. ಅಲ್ಲಿಯ 210 ಮೆಗಾವ್ಯಾಟಿನ ಘಟಕಗಳ ಜನರೇಟರ್ ವಿದ್ಯುತ್ತನ್ನು 15,750 ವೋಲ್ಟಿನಲ್ಲಿ ಹೊರಹಾಕುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಲಕ್ಷಗಟ್ಟಲೆ ವೋಲ್ಟಿಗೆ ಏರಿಸಿ ಗೋಪುರಗಳ ಮೇಲೆ ಕಳಿಸುತ್ತದೆ. ಆ 21 ಕೋಟಿ ವ್ಯಾಟನ್ನು 230 ವೋಲ್ಟಿನಲ್ಲಿಯೇ ಸಾಗಿಸಲು ಹೋದರೆ ಪ್ರವಾಹ ಒಂಬತ್ತು ಲಕ್ಷ ಆಂಪಿಯರ್ ದಾಟುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಎಂದು ಜೇಮ್ಸ್ ಜೌಲ್ 1841ರಲ್ಲಿ ಪ್ರಕಟಿಸಿದರು. ನಿಮ್ಮ ಶೆಡ್ಡಿನ ತಂತಿಗೂ ಕೃಷ್ಣೆಯ ದಂಡೆಯಿಂದ ಹೊರಡುವ ಆ ತಂತಿಗಳಿಗೂ ಅದೇ ಲೆಕ್ಕ.

ಬೇಕಿದ್ದರೆ ಕ್ಲ್ಯಾಂಪ್ ಮೀಟರ್ ಇಲ್ಲದೆಯೂ ವ್ಯಾಟ್ ಅಳೆಯಬಹುದು. ನಿಮ್ಮ ಮನೆಯ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಕೆಂಪು ದೀಪ ಮಿನುಗುತ್ತದೆ, ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. ಅದು 3200 ಇದ್ದರೆ, ಒಂದು ನಿಮಿಷದಲ್ಲಿ ಎಣಿಸಿದ ಮಿನುಗುಗಳನ್ನು 18.75ರಿಂದ ಗುಣಿಸು, ಅಷ್ಟು ವ್ಯಾಟ್. ಮೀಟರಿಗೆ ಪವರ್ ಫ್ಯಾಕ್ಟರ್ ಗೊತ್ತು, ಹಾಗಾಗಿ ಗಂಗಾವತಿಯ ಗೆಳೆಯರು ಹೇಳಿದ ಮೋಟಾರಿಗೂ ಈ ದಾರಿ ಸರಿ.

ಬಳ್ಳಾರಿ ವಿದ್ಯಾರ್ಥಿನಿ

ಸರ್, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. 133 ವ್ಯಾಟ್ ಎಂದಾಗ ಸುಮ್ಮನಿದ್ದರು. ಎಂಟು ಗಂಟೆ ಇಸ್ತ್ರಿ ನಡೆದರೆ ದಿನಕ್ಕೆ ಒಂದು ಯೂನಿಟ್ ಬರೀ ತಂತಿಗೆ ಹೋಗುತ್ತಿದೆ ಎಂದು ಲೆಕ್ಕ ತೋರಿಸಿದೆ. ಜುಂಗಿನ ಮಾತು ಬಂದಾಗ ಅವರೇ ಎದ್ದು ಹೋಗಿ ಮೇನ್ ಆರಿಸಿದರು.

ವೈರ್‌ಮನ್ ಬಂದು ನೋಡಿದರು. ಅಡುಗೆಮನೆಯ ಹಿಂಗೋಡೆಯ ಹತ್ತಿರ, ಸೂರಿನ ಕೆಳಗೆ, ಮನೆಯ ಹಳೆಯ ಅಲ್ಯೂಮಿನಿಯಂ ತಂತಿಗೆ ಶೆಡ್ಡಿನ ತಾಮ್ರದ ತಂತಿಯನ್ನು ಕೈಯಲ್ಲೇ ತಿರುಚಿ ಟೇಪು ಸುತ್ತಿದ್ದರು. ಟೇಪು ಎಳೆದರೆ ಬರಲಿಲ್ಲ, ಕರಗಿ ತಂತಿಗೆ ಅಂಟಿ ಕುಳಿತಿತ್ತು. ಚಾಕುವಿನಿಂದ ಕೆರೆದಾಗ ಒಳಗೆ ಅಲ್ಯೂಮಿನಿಯಂ ಬೂದಿ ಬಣ್ಣದ ಪುಡಿಯಾಗಿತ್ತು, ತಾಮ್ರದ ಏಳೆಂಟು ಎಳೆಗಳು ತುಂಡಾಗಿ ಉಳಿದವು ಕಪ್ಪಾಗಿದ್ದವು. ಗೋಡೆಯ ಸುಣ್ಣದ ಮೇಲೆ ಕಂದು ಕಲೆ ಇತ್ತು. ಅದನ್ನು ನಾವೆಲ್ಲ ಮಳೆ ನೀರಿನ ಕಲೆ ಎಂದುಕೊಂಡಿದ್ದೆವು.

ಬೋರ್ಡಿನಿಂದ ಶೆಡ್ಡಿಗೆ ನಡುವೆ ಗಂಟಿಲ್ಲದೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಜೊತೆಗೆ ಅರ್ತ್ ತಂತಿ ಎಳೆಸಿದೆವು. ಈಗ ಎರಡೂ ಪೆಟ್ಟಿಗೆ ಹಚ್ಚಿದಾಗ ಬೋರ್ಡಿನಲ್ಲಿ 213, ಶೆಡ್ಡಿನಲ್ಲಿ 210 ವೋಲ್ಟ್, ಪ್ರವಾಹ ಒಟ್ಟು 7.9 ಆಂಪಿಯರ್. ಮೀಟರಿನ ಕೆಂಪು ದೀಪ ನಿಮಿಷಕ್ಕೆ 90 ಸಲ ಮಿನುಗಿತು. ನಮ್ಮದೂ 3200ರ ಮೀಟರ್. ಗುಣಿಸಿದರೆ 1687 ವ್ಯಾಟ್, 213ನ್ನು 7.9ರಿಂದ ಗುಣಿಸಿದರೆ 1683. ಎರಡು ಬೇರೆ ದಾರಿಯಲ್ಲಿ ಒಂದೇ ಊರು ಮುಟ್ಟಿದ್ದು ನೋಡಿ ಕುಣಿಯುವಷ್ಟು ಖುಷಿಯಾಯಿತು.

ಮೋಟಾರನ್ನೂ ನೋಡಿದೆ. ಒಂದು ಯಂತ್ರ ಮಾತ್ರ ಹಚ್ಚಿ, ಹೊಲಿಯದೆ ಸುಮ್ಮನೆ ತಿರುಗಲು ಬಿಟ್ಟಾಗ 215 ವೋಲ್ಟ್, 2.4 ಆಂಪಿಯರ್. ಗುಣಿಸಿದರೆ 516. ಆದರೆ ಮಿನುಗಿದ್ದು ನಿಮಿಷಕ್ಕೆ 9 ಸಲ, ಅಂದರೆ 169 ವ್ಯಾಟ್. ಅಮ್ಮ ಬಿಡುವಿಲ್ಲದೆ ದಪ್ಪ ಹೊಲಿಗೆ ಹಾಕಿದಾಗ 16 ಸಲ, 300 ವ್ಯಾಟ್. ಪ್ರವಾಹ ಮಾತ್ರ 2.7ಕ್ಕೆ ಏರಿತು, ಅಷ್ಟೇ. ಕೆಲಸ ಹೆಚ್ಚುಕಡಿಮೆ ಎರಡರಷ್ಟಾದರೂ ಆಂಪಿಯರ್ ಯಾಕೆ ಎರಡರಷ್ಟಾಗಲಿಲ್ಲ?

ಗಂಗಾವತಿ ರಿವೈಂಡಿಂಗ್ ಅಂಗಡಿ

ಖಾಲಿ ತಿರುಗುವಾಗಲೂ ಮೋಟಾರಿಗೆ ತನ್ನ ಕಾಂತಕ್ಷೇತ್ರವನ್ನು ಹಿಡಿದಿಟ್ಟುಕೊಳ್ಳಲು ಪ್ರವಾಹ ಬೇಕು. ಆ ಪ್ರವಾಹ ಸೆಕೆಂಡಿಗೆ ಹಲವು ಸಲ ಶಕ್ತಿಯನ್ನು ಲೈನಿನಿಂದ ಪಡೆಯುತ್ತದೆ, ಮರುಗಳಿಗೆಯಲ್ಲಿ ಲೈನಿಗೇ ಹಿಂದಿರುಗಿಸುತ್ತದೆ. ತಂತಿಯಲ್ಲಿ ಓಡಾಡುತ್ತದೆ, ಹಾಗಾಗಿ ಕ್ಲ್ಯಾಂಪ್ ಮೀಟರ್ ಅದನ್ನು ಎಣಿಸುತ್ತದೆ. ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ಯೂನಿಟ್ ಮೀಟರ್ ಅದನ್ನು ಎಣಿಸುವುದಿಲ್ಲ. ನಿಮ್ಮ 2.4 ಆಂಪಿಯರಿನಲ್ಲಿ ಬಹುಪಾಲು ಅದೇ. ಹೊಲಿಯಲು ಶುರು ಮಾಡಿದಾಗ ಸೇರುವುದು ದುಡಿಯುವ ಪ್ರವಾಹ, ಅದು ಮೊದಲಿನದಕ್ಕೆ ನೇರವಾಗಿ ಕೂಡುವುದಿಲ್ಲ, ಲಂಬಕೋನ ತ್ರಿಭುಜದ ಎರಡು ಬಾಹುಗಳು ಸೇರಿ ಕರ್ಣವಾಗುವ ಹಾಗೆ ಕೂಡುತ್ತದೆ. ಆದ್ದರಿಂದಲೇ 2.4 ಎಂಬುದು 2.7 ಆಯಿತು.

169ನ್ನು 516ರಿಂದ ಭಾಗಿಸಿದರೆ 0.33. ಖಾಲಿ ಮೋಟಾರಿನ ಪವರ್ ಫ್ಯಾಕ್ಟರ್ ಅದು. 300ನ್ನು 215 ಮತ್ತು 2.7ರ ಗುಣಲಬ್ಧದಿಂದ ಭಾಗಿಸಿದರೆ 0.52. ನಾಲ್ಕು ಯಂತ್ರಗಳು ಹೊಲಿಗೆ ಇಲ್ಲದ ಹೊತ್ತಿನಲ್ಲಿಯೂ ತಿರುಗುತ್ತಲೇ ಇದ್ದರೆ 676 ವ್ಯಾಟ್ ಸುಮ್ಮನೆ ಹೋಗುತ್ತದೆ, ಇಸ್ತ್ರಿ ಪೆಟ್ಟಿಗೆಯೊಂದರ ಹತ್ತಿರ ಹತ್ತಿರ. ಊಟದ ಹೊತ್ತಿನಲ್ಲಿ ಸ್ವಿಚ್ ಆರಿಸಲು ಹೇಳಿ. ಮತ್ತು ತಂತಿಯನ್ನು ಆಯ್ಕೆ ಮಾಡುವಾಗ ವ್ಯಾಟ್ ನೋಡಬೇಡಿ, ಆಂಪಿಯರ್ ನೋಡಿ. ನಾಲ್ಕು ಯಂತ್ರ, ಎರಡು ಪೆಟ್ಟಿಗೆ ಎಲ್ಲವೂ ಒಟ್ಟಿಗೆ ನಡೆದರೆ ಇಪ್ಪತ್ತು ಆಂಪಿಯರ್ ಎಂದು ಲೆಕ್ಕ ಹಿಡಿಯಬೇಕು. 2.5ರ ತಂತಿಗೆ ತಗಡಿನ ಬಿಸಿಲಿನಲ್ಲಿ ಅದು ಹೊರೆಯೇ. ಯಂತ್ರಗಳಿಗೆ ಬೋರ್ಡಿನಿಂದಲೇ ಬೇರೆ ತಂತಿ, ಬೇರೆ ಎಂಸಿಬಿ (ಪ್ರವಾಹ ಮಿತಿ ಮೀರಿದರೆ ತಾನಾಗಿಯೇ ಕಡಿಯುವ ಸ್ವಿಚ್) ಹಾಕಿಸಿ.

ರಾಯಚೂರು, ಐಟಿಐ ನಿವೃತ್ತ ಬೋಧಕ

ಬೇರೆ ತಂತಿಯ ಮಾತಿಗೆ ನನ್ನದೂ ಒಪ್ಪಿಗೆ. ಮನೆಯಲ್ಲಿ ಹಳೆಯ ಅಲ್ಯೂಮಿನಿಯಂ ತಂತಿ ಉಳಿದಿರುವ ಕಡೆಯಲ್ಲೆಲ್ಲ ಅದು ತಾಮ್ರವನ್ನು ಸೇರುವ ಜಾಗಗಳನ್ನು ವೈರ್‌ಮನ್ ಒಂದೊಂದಾಗಿ ತೆರೆದು ನೋಡಲಿ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿದ ಕೂಡಲೇ ಅದರ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ, ಆ ಪೊರೆ ವಿದ್ಯುತ್ತನ್ನು ಬಿಡುವುದಿಲ್ಲ. ಬಿಸಿಯಾದಾಗ ಎರಡು ಲೋಹಗಳು ಹಿಗ್ಗುವ ಪ್ರಮಾಣವೂ ಬೇರೆ, ದಿನವೂ ಕಾದು ತಣ್ಣಗಾಗಿ ಗಂಟು ಸಡಿಲಾಗುತ್ತದೆ. ಸಡಿಲಾದಷ್ಟೂ ರೋಧ, ರೋಧ ಏರಿದಷ್ಟೂ ಶಾಖ. ಎರಡು ಲೋಹಗಳಿಗೆಂದೇ ಮಾಡಿದ ಕನೆಕ್ಟರ್ ಸಿಗುತ್ತದೆ, ಅದನ್ನೇ ಹಾಕಿಸಿ.

ಪೆಟ್ಟಿಗೆ ಈಗ ಎಷ್ಟು ಕಾಯಬೇಕು ಎಂಬ ಲೆಕ್ಕ: 210ರ ವರ್ಗ ಭಾಗಿಸು 53, ಅಂದರೆ 832 ವ್ಯಾಟ್. ಸೊಂಟಪಟ್ಟಿಯ ಮಡಿಕೆ ಕೂರುತ್ತದೆಯೇ ಎಂದು ಇಸ್ತ್ರಿ ಮಾಡುವವರನ್ನು ಕೇಳಿ ಬರೆ.

ಬಳ್ಳಾರಿ ವಿದ್ಯಾರ್ಥಿನಿ

ಕೂರುತ್ತಿದೆ, ಸರ್. ಹೊಸ ಪೆಟ್ಟಿಗೆಗೆ ಇಟ್ಟಿದ್ದ ಹಣದಲ್ಲಿ ಯಂತ್ರಗಳಿಗೆ ಬೇರೆ ತಂತಿ ಎಳೆಸಲು ಅಮ್ಮ ಒಪ್ಪಿದ್ದಾರೆ.